ಮಾಗಡಿ ಸ್ಟೇಷನ್

"ಅತ್ತೀ, ಹಿಟ್ಟಿನ ಸಾಣಗಿ ಎಲ್ಲಿಟ್ಟೀರ್ರಿ?"

ಸುಶ್ಮಿತಾ ಮೂರನೆಯ ಸಲ ಕೂಗಿದ ಮೇಲೆ ಮಹಡಿಯಿಂದ ಉತ್ತರ ಬಂತು.

"ಇಲ್ಲೇ ಐತಿ, ತಡಿ. ಇನ್ನ ಎರಡು ಹಿಡಿ ಉಳದೈತಿ."

"ಮತ್ತ ಅದರಾಗ ಕಲ್ಲಿನ ಪುಡಿ ಸಾಣಿಸಾಕತ್ತೀರೇನು? ನಾ ರೊಟ್ಟಿ ಹೆಂಗ ಮಾಡ್ಲಿ?"

ಸುಶ್ಮಿತಾ ಹಿಟ್ಟಿನ ಕೈಯಲ್ಲೇ ಕಡಿದಾದ ಮೆಟ್ಟಿಲು ಹತ್ತಿದಳು. ಮಹಡಿಯ ನೆಲದಲ್ಲಿ ಎಡಗಡೆಗೆ ಒಂದು ಚೌಕದ ಕಿಂಡಿ. ಮೆಟ್ಟಿಲು ಅಲ್ಲಿಗೆ ಹೋಗಿ ತೆರೆದುಕೊಳ್ಳುತ್ತಿತ್ತು. ಆ ಕಿಂಡಿಯನ್ನು ಬಿಟ್ಟು ಉಳಿದ ಜಾಗದ ತುಂಬ ಸೊಂಟದೆತ್ತರದ ಹಲಗೆಗಳು. ಹಲಗೆಗಳ ಮೇಲೆ ಹಳಿ. ಹಳಿಯ ಪಕ್ಕದಲ್ಲಿ ಅವಳ ಅತ್ತೆ ಅನ್ನಪೂರ್ಣವ್ವ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಚಮಚದಿಂದ ಕಲ್ಲಿನ ಪುಡಿ ಸುರಿಯುತ್ತಿದ್ದಳು. ಸುರಿದದ್ದರ ಮೇಲೆ ಕೆಮ್ಮಿನ ಔಷಧದ ಪಿಚಕಾರಿಯಿಂದ ಹನಿ ಹನಿಯಾಗಿ ಗೋಂದಿನ ನೀರು.

"ಮೊದಲ ಸಜ್ಜಿ ಹಾಕಿದ್ದೆ, ಇರುವಿ ಬಂದು ಹೊತ್ತೊಯ್ದುವು. ಇದಕ್ಕ ಇರುವಿ ಬರೂದಿಲ್ಲ," ಎಂದಳು ಅನ್ನಪೂರ್ಣವ್ವ.

"ನಿಮ್ಮ ಮಗ ಊಟಕ್ಕ ಕುಂತಾರ್ರಿ ಕೆಳಗ."

"ಹೋಗು, ಬಂದೆ."

ಮೂರು ವರ್ಷದ ಹಿಂದೆ ಮಗ ನಂದೀಶ ತನ್ನ ಮಗಳಿಗೆಂದು ಒಂದು ಆಟದ ರೈಲು ತಂದಿದ್ದ. ಒಂದು ಎಂಜಿನ್ನು, ಮೂರು ಡಬ್ಬಿ, ದುಂಡನೆಯ ಹಳಿ. ಹುಡುಗಿ ಎರಡು ದಿನ ಆಡಿ ಮರೆತಳು. ಮೂರನೆಯ ದಿನ ಡಬ್ಬದಲ್ಲಿ ತುಂಬಿಡಲು ಕುಳಿತ ಅನ್ನಪೂರ್ಣವ್ವ, ತುಂಬುವ ಮುಂಚೆ ಒಂದೇ ಒಂದು ಸುತ್ತು ಓಡಿಸಿ ನೋಡಿದಳು. ಆ ಡಬ್ಬ ಮತ್ತೆ ಮುಚ್ಚಲಿಲ್ಲ.

ಅವಳ ತವರು ಹುಲಕೋಟಿ. ಮನೆಯಿಂದ ಸ್ಟೇಷನ್ನು ಕೂಗಳತೆ. ಹದಿನೇಳು ವರ್ಷ ರೈಲಿನ ಸಪ್ಪಳದ ಮೇಲೆ ಹೊತ್ತು ತಿಳಿದವಳು ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದಳು, ಇಲ್ಲಿ ರೈಲಿಲ್ಲ. ಗದಗಿನಿಂದ ಶಿರಹಟ್ಟಿ ಮೇಲೆ ಹಾದು ಈ ಊರಿಗೊಂದು ರೈಲು ಬರಬೇಕೆಂಬ ಮಾತನ್ನು ಮಾತ್ರ ಸುಮಾರು ನಲವತ್ತು ವರ್ಷದಿಂದ ಕೇಳುತ್ತ ಬಂದಿದ್ದಳು. ಈಗ ಅದು ಅವಳ ಮಹಡಿಗೆ ಬಂದಿತ್ತು. ಗದಗ, ಶಿರಹಟ್ಟಿ, ಮಾಗಡಿ, ಲಕ್ಷ್ಮೇಶ್ವರ: ನಾಲ್ಕು ಸ್ಟೇಷನ್ನು. ಹೀರೇಕಾಯಿ ನಾರಿನ ಮರಗಳು, ಒಡೆದ ಕನ್ನಡಿಯ ಮಾಗಡಿ ಕೆರೆ, ಕೆರೆಯಲ್ಲಿ ಹತ್ತಿಬೀಜದ ಬಾತುಕೋಳಿಗಳು. ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಮಾಡುವ ಅಣ್ಣನ ಮಗ ಬಂದಾಗಲೆಲ್ಲ ಟೇಪು ಹಿಡಿದು ಅಳತೆ ಹೇಳಿಕೊಟ್ಟು ಹೋಗುತ್ತಿದ್ದ. ದಿನ ಬಿಟ್ಟು ದಿನ ಹಳಿ ಒರೆಸಬೇಕು, ಇಲ್ಲದಿದ್ದರೆ ಧೂಳು ಕೂತು ಎಂಜಿನ್ನು ನಿಂತುಬಿಡುತ್ತದೆ ಎಂದು ಹೇಳಿದವನೂ ಅವನೇ.

ಅವಳ ಗಂಡ ಚನ್ನಬಸವಣ್ಣನಿಗೆ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಮಹಡಿಗೆ ಅವನು ಹತ್ತಿದ್ದು ಎರಡೋ ಮೂರೋ ಸಲ. ಯಾರಾದರೂ ಕೇಳಿದರೆ, "ಅಕಿಗೊಂದು ಆಟ," ಎಂದು ಮಾತು ಮುಗಿಸುತ್ತಿದ್ದ.

ದೀಪಾವಳಿ ಮುಗಿದು ಎರಡು ವಾರಕ್ಕೆ ಆ ಮಹಡಿಗೆ ಸೋಮೇಶ ಬಂದ.

ಸೋಮೇಶ ಚನ್ನಬಸವಣ್ಣನ ತಮ್ಮ. ಅದೇ ಮನೆಯ ಹಿಂಭಾಗದಲ್ಲಿ ಹೆಂಡತಿ ಬಸಲಿಂಗವ್ವನೊಂದಿಗೆ ಬೇರೆ ಒಲೆ ಹೂಡಿದ್ದ. ಮಾಗಡಿ ದಾರಿಯ ಹದಿನಾರು ಎಕರೆ ಹೊಲ ಮಾತ್ರ ಇನ್ನೂ ಒಟ್ಟಿಗಿತ್ತು. ಎಂಟೆಕರೆ ಎರಿ, ಎಂಟೆಕರೆ ಮಸಾರಿ. ಎರಿ ಎಂದರೆ ಕಪ್ಪು ಮಣ್ಣು, ಹಿಂಗಾರಿ ಜೋಳ, ಕಡಲೆ ಕಣ್ಣು ತುಂಬುವ ಹಾಗೆ ಬೆಳೆಯುವುದು. ಮಸಾರಿ ಕೆಂಪು, ತೆಳು, ಅರ್ಧ ಕಲ್ಲು. ಹನಿ ನೀರಾವರಿ ಹಾಕಿಸಬೇಕು, ಅದಕ್ಕೆ ಪಹಣಿಯ ಉತಾರ ತನ್ನ ಹೆಸರಿನಲ್ಲಿರಬೇಕು, ಹೊಲ ಪಾಲು ಮಾಡೋಣವೆಂದು ಸೋಮೇಶ ಒಂದು ವರ್ಷದಿಂದ ಕೇಳುತ್ತಿದ್ದ. ಚನ್ನಬಸವಣ್ಣ ಸುಗ್ಗಿ ಆಗಲಿ, ಹಬ್ಬ ಆಗಲಿ ಎನ್ನುತ್ತಿದ್ದ.

ಕೆಟ್ಟುಹೋದ ಟ್ಯೂಬ್‌ಲೈಟು ಬದಲಿಸಲು ಬಂದ ಸೋಮೇಶ ಸ್ಟೂಲಿನಿಂದ ಇಳಿದವನು ಹಲಗೆಯ ಮುಂದೆ ನಿಂತುಬಿಟ್ಟ.

"ವೈನಿ, ಇದು ನಮ್ಮ ಹೊಲ ಅಲ್ಲೇನ್ರಿ?"

"ನಮ್ಮದ. ಹೋದ ವರ್ಷ ಚೀಲದಾಗ ಮಣ್ಣು ತಂದಿದ್ನೆಲ್ಲಾ, ಅದನ್ನ ಹಾಕೀನಿ. ಇದು ಎರಿ, ಇದು ಮಸಾರಿ."

"ಸ್ಟೇಷನ್ ಮಸಾರ್ಯಾಗ ಬರ್ತೈತಿ?"

"ಹೂಂ, ಅಲ್ಲೇ ಬಂತದು."

"ನಿಮ್ಮ ತವರಮನಿ ಹುಡುಗ ಮೊನ್ನೆ ಬಂದಿದ್ನಲ್ಲ, ಟೇಪ್ ಹಿಡಕೊಂಡು?"

"ಅಂವ ಅಳತಿ ಹಾಕಿ ಕೊಟ್ಟ. ಯಾಕೋ?"

ಅಷ್ಟರಲ್ಲಿ ಎಂಜಿನ್ನು ಶಿರಹಟ್ಟಿಯ ಹತ್ತಿರ ಬಿಕ್ಕಿ ನಿಂತಿತು. ಅನ್ನಪೂರ್ಣವ್ವ ಸ್ಪಿರಿಟ್ ಬಟ್ಟೆ ಹಿಡಿದು ಆ ಕಡೆ ಬಾಗಿದಳು. ತಲೆ ಎತ್ತಿದಾಗ ಸೋಮೇಶ ಇರಲಿಲ್ಲ.

ನಾಲ್ಕು ದಿನದ ಮೇಲೆ ಮಧ್ಯಾಹ್ನದ ಊಟಕ್ಕೆ ಚನ್ನಬಸವಣ್ಣ ಎಂದಿಲ್ಲದ ಖುಷಿಯಲ್ಲಿದ್ದ. ಝುಣಕ ಎರಡು ಸಲ ಹಾಕಿಸಿಕೊಂಡ.

"ಸೋಮ್ಯಾ ಮಸಾರಿ ಕೇಳಾಕತ್ತಾನ," ಎಂದ.

ನಂದೀಶ ಗದಗಿನ ಆಚೆ ನಾಗಾವಿಯ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತ. ಅಂದು ರಜೆ, ಮನೆಯಲ್ಲಿದ್ದ. ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ.

"ಕಾಕಾಗ ತಲಿ ಸರಿ ಐತೇನ್ರಿ? ಎರಿ ಬಿಟ್ಟು ಮಸಾರಿ?"

"ಅವಗ ಅದ ಬೇಕಂತ. ಎಂಟಕ್ಕ ಎಂಟು. ಎರಿ ನಮಗ, ಮಸಾರಿ ಅವಗ. ಬರೂ ತಿಂಗಳು ಹಿರ್ಯಾರನ್ನ ಕೂಡಿಸಿ ಪಾಲು ವಾಟ್ನಿ ಮುಗಿಸಿಬಿಡೂದು."

ಅನ್ನಪೂರ್ಣವ್ವನ ಕೈಯಲ್ಲಿ ಮಜ್ಜಿಗೆಯ ತಂಬಿಗೆ ಹಾಗೇ ನಿಂತಿತು.

"ಅಂವ ನನ್ನ ಸ್ಟೇಷನ್ ನೋಡಿ ಕೇಳಾಕತ್ತಾನ್ರಿ. ರೈಲು ಅಲ್ಲೇ ಬರ್ತೈತಿ ಅಂತ ತಿಳದಾನ."

"ತಿಳಕೊಳ್ಳಿ."

"ನೀವು ಹೇಳಲಿಲ್ಲೇನು, ಅದು ಆಟದ್ದು ಅಂತ?"

"ನಾ ಐತಿ ಅಂದಿಲ್ಲ, ಇಲ್ಲ ಅಂದಿಲ್ಲ. ಮಜ್ಜಿಗಿ ಹಾಕು."

ಅವಳು ಹಾಕಿದಳು. ಸುಶ್ಮಿತಾ ಒಲೆಯ ಕಡೆ ಮುಖ ಮಾಡಿಕೊಂಡು ತವೆಯ ಮೇಲಿನ ರೊಟ್ಟಿ ತಿರುವಿದಳು.

ಮರುವಾರ ಅನ್ನಪೂರ್ಣವ್ವನ ಹೆಸರಿಗೆ ಒಂದು ಪಾರ್ಸಲ್ ಬಂತು. ಬಿಚ್ಚಿದರೆ ಹೊಸ ಎಂಜಿನ್ನು, ನೀಲಿ ಬಣ್ಣದ್ದು, ಜೊತೆಗೆ ನಾಲ್ಕು ಗೂಡ್ಸ್ ಡಬ್ಬಿ. ಅವಳು ಅದನ್ನು ಅಂಗೈಯಲ್ಲಿಟ್ಟು ಚಕ್ರ ತಿರುವಿ ನೋಡಿದಳು. ಇಷ್ಟು ನುಣ್ಣಗೆ ತಿರುಗುವ ಚಕ್ರ ಅವಳ ಹತ್ತಿರ ಇರಲಿಲ್ಲ.

"ನೀ ತರಿಸಿದೇನೋ?" ಎಂದು ಮಗನನ್ನು ಕೇಳಿದಳು.

"ಅಪ್ಪಾಜಿ ತರಸಾಕ ಹೇಳಿದ್ರು. ಇನ್ನೂ ಏನರ ಬೇಕಾದ್ರ ಕೇಳಿ ತರಸು ಅಂದ್ರು."

ಅವಳ ಮುಖ ಅರಳಿತು. ಅರೆಗಳಿಗೆ ಅಷ್ಟೇ. ಎಂಜಿನ್ನನ್ನು ಡಬ್ಬಕ್ಕೆ ಹಾಕಿ ಮೂಲೆಗೆ ಸರಿಸಿದಳು.

ಆಮೇಲೆ ಮೆಟ್ಟಿಲು ಸುಮ್ಮನಿರಲಿಲ್ಲ. ಅಂಗಡಿಗೆ ಬಂದ ರೈತರನ್ನು ಚನ್ನಬಸವಣ್ಣ ಚಹಾಕ್ಕೆಂದು ಮನೆಗೆ ಕರೆತಂದು ಮೇಲೆ ಕಳಿಸುತ್ತಿದ್ದ. ಅವರು ಚಪ್ಪಲಿ ಕೆಳಗೆ ಬಿಟ್ಟು, ಕೈಕಟ್ಟಿಕೊಂಡು, ದೇವರ ಮುಂದೆ ನಿಂತ ಹಾಗೆ ನಿಂತು ನೋಡುತ್ತಿದ್ದರು. "ಅವ್ವಾರ, ನಮ್ಮ ಹೊಲ ಇದರಾಗ ಎಲ್ಲಿ ಬರ್ತೈತ್ರಿ?" ಎಂದು ಕೇಳುತ್ತಿದ್ದರು. "ಇದು ಹುಡುಗರ ಆಟದ್ರೀ," ಎಂದರೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ದೊಡ್ಡ ಮನೆಯವರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬಂಥ ನಗು. ಪೇಟೆಯಲ್ಲಿ ಅವರಾಡಿದ ಮಾತು ಸೋಮೇಶನ ಕಿವಿಗೂ ಬೀಳುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಎರಡೂ ಒಲೆಯವರು ಒಂದೇ ಟಂಟಂ ಗಾಡಿಯಲ್ಲಿ ಹೊಲಕ್ಕೆ ಹೋದರು. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬಂದು ಬನ್ನಿ ಗಿಡದ ನೆರಳಿಗೆ ಕೂತು ಬುತ್ತಿ ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಸೋಮೇಶ ಕೂರಲಿಲ್ಲ. ಹೋಳಿಗೆ ಕೈಯಲ್ಲೇ ಹಿಡಿದು ಮಸಾರಿಯ ಬದುವಿನ ಗುಂಟ ಹೆಜ್ಜೆ ಎಣಿಸುತ್ತಿದ್ದ.

"ದಾರಿಗೆ ಹತ್ತಿ ಆರು ಶೆಡ್ ಕೂಡ್ತಾವು ನೋಡು, ನಂದೀಶ! ಗೊಬ್ಬರ, ಚಾದಂಗಡಿ, ಲಾರಿ ನಿಲ್ಲಾಕ ಜಾಗಾ!" ಎಂದು ಅಲ್ಲಿಂದಲೇ ಕೂಗಿದ.

"ಹೂಂ ಕಾಕಾ," ಎಂದ ನಂದೀಶ, ಎಲೆಯ ಮೇಲೆ ಕಣ್ಣಿಟ್ಟು.

"ಡ್ರಿಪ್ ಬ್ಯಾಡಂತೀಗ," ಎಂದಳು ಬಸಲಿಂಗವ್ವ ಅನ್ನಪೂರ್ಣವ್ವನ ಮಗ್ಗುಲಿಗೆ ಸರಿದು, ದನಿ ಇಳಿಸಿ. "ಯಕ್ಕಾ, ಖರೇನ ಹೇಳ್ರಿ. ರೈಲು ಬರ್ತೈತೇನ್ರಿ? ಎರಿ ಹೋತಂದ್ರ ನಮಗ ವರ್ಷದ ಜ್ವಾಳ ಎಲ್ಲಿಂದ? ನಿಮ್ಮಂಗ ನಮಗ ಅಂಗಡಿ ಇಲ್ಲ."

ಅನ್ನಪೂರ್ಣವ್ವ ಬಾಯಿ ತೆರೆದಳು.

"ಅನ್ನಪೂರ್ಣಾ, ನೀರು ತಾ," ಎಂದ ಚನ್ನಬಸವಣ್ಣ. ಅವನ ಮುಂದೆಯೇ ತುಂಬಿದ ತಂಬಿಗೆ ಇತ್ತು.

ಅವಳು ಎದ್ದು ಹೋಗಿ ಇನ್ನೊಂದು ತಂಬಿಗೆ ತಂದಿಟ್ಟಳು. ವಾಪಸು ಬಂದಾಗ ಬಸಲಿಂಗವ್ವ ಬುತ್ತಿ ಕಟ್ಟುತ್ತಿದ್ದಳು. ತಿರುಗಿ ಕೇಳಲಿಲ್ಲ. ಮಾಗಡಿ ಕೆರೆಯ ಕಡೆಯಿಂದ ಬಾತುಗಳ ಹಿಂಡೊಂದು ಕೂಗುತ್ತ ಬಂದು ಕಡಲೆ ಹೊಲಕ್ಕೆ ಇಳಿಯಿತು.

ಮನೆಗೆ ಬಂದ ಮೇಲೆ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಮೇಲೆ ಹೋದಳು, ಕೆಳಗೆ ಬಂದಳು. ಗೋಂದು ಹಚ್ಚಲು ಹೋದರೆ ಅದು ಹಳಿಯ ಮೇಲೇ ಬಿತ್ತು. ಕೊನೆಗೆ ಪಡಸಾಲೆಯಲ್ಲಿ ಗಾದಿಯ ಮೇಲೆ ಪೇಪರು ಓದುತ್ತಿದ್ದ ಗಂಡನ ಮುಂದೆ ಬಂದು ನಿಂತಳು.

"ತಮ್ಮಗ ಖರೆ ಏನೈತಿ ಅದನ್ನ ಹೇಳ್ರಿ."

"ಮತ್ತ ಅದ?"

"ನನ್ನ ಕೈಲೆ ಮಾಡಿದ್ದು ಅದು. ಅದನ್ನ ತೋರಿಸಿ ಅವನ ಹೊಲ ತೊಗೊಂಡ್ರ ನಾ ಆ ಬಸಲಿಂಗಿ ಮುಖಾ ಹೆಂಗ ನೋಡ್ಲಿ?"

ಚನ್ನಬಸವಣ್ಣ ಪೇಪರು ಮಡಿಚಿದ.

"ಮೂವತ್ತು ವರ್ಷ ಈ ಮನಿ ನೊಗ ಯಾರು ಹೊತ್ರು? ಅಪ್ಪನ ದವಾಖಾನಿ ಯಾರು ನೋಡಿದ್ರು? ಅವನ ಇಬ್ಬರು ಹೆಣ್ಣುಮಕ್ಕಳ ಮದುವಿ ನಿಂತು ಮಾಡಿದಾವ ನಾನು. ಅವಾಗ ಯಾರಾದ್ರೂ ಸರೀಪಾಲು ಅಂದ್ರೇನು? ಈಗ ಅವನ ಬಾಯಿಲೆ ಅಂವ ಮಸಾರಿ ಕೇಳಿದ್ರ ನಾ ಬ್ಯಾಡ ಅನ್ನಬೇಕೇನು?"

"ದುಡದದ್ದು ಖರೆ. ಹಂಗಿದ್ರ ಹಿರ್ಯಾರ ಮುಂದ ಅದನ್ನ ಹೇಳಿ ಹೆಚ್ಚಿಗಿ ಕೇಳ್ರಿ. ಹಿಂಗ ಬ್ಯಾಡ."

"ನೀ ನಿನ್ನ ಗಿರಣಿ ಕೆಲಸಾ ನೋಡ್ಕೋ ಹೋಗು."

ಗಿರಣಿ ಕೆಲಸ ಎಂದರೇನೆಂದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಸಿಟ್ಟಿಗೆ ಬಾಯಿಗೆ ಬಂದದ್ದು ಅಂದಿದ್ದ.

ಅಡುಗೆಮನೆಯಲ್ಲಿ ಸುಶ್ಮಿತಾ ಅವಳ ಕೈಹಿಡಿದಳು. "ಅತ್ತೀ, ನೀವು ಸುಮ್ನಿರ್ರಿ. ನಮಗೂ ಮಗಳದಾಳ. ಎಂಟೆಕರೆ ಎರಿ ತಾನಾಗೇ ಬರಾಕತ್ತೈತಿ."

"ನಾಳೆ ನಿನ್ನ ಮಗಳಿಗೆ ಯಾರರ ಹಿಂಗ ಮಾಡಿದ್ರ?"

ಸುಶ್ಮಿತಾ ಕೈಬಿಟ್ಟಳು. ಬಾಗಿಲಲ್ಲಿದ್ದ ನಂದೀಶ ಮೊಬೈಲು ಹಿಡಿದು ಹಿತ್ತಲಿಗೆ ಹೋದ.

ಮುಂದಿನ ಗುರುವಾರ ಬೆಳಗ್ಗೆ ಹಿರಿಯರು ಬಂದರು. ನಿವೃತ್ತ ಶಿಕ್ಷಕ ರಾಮಪ್ಪ ಮಾಸ್ತರರು, ಅವರೊಡನೆ ಓಣಿಯ ಇಬ್ಬರು. ಪಡಸಾಲೆಯಲ್ಲಿ ಗಾದಿ ತುಂಬಿತು. ಸೋಮೇಶ ಹೊಸ ಅಂಗಿ ಹಾಕಿದ್ದ. ಬಸಲಿಂಗವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮಂಡಕ್ಕಿ ಸೂಸಲಾ, ಮಿರ್ಚಿ ಆಗಿ ಚಹಾ ಬಂತು.

"ಹಂಗಾದ್ರ ಸೋಮೇಶ, ನಿನ್ನ ಬಾಯಿಲೆ ಹೇಳು. ನಿನಗ ಯಾವ ಹೊಲ?" ಎಂದರು ಮಾಸ್ತರರು.

"ಮಸಾರಿ, ಸರ."

"ತಡೀರಿ," ಎಂದಳು ಅನ್ನಪೂರ್ಣವ್ವ. ಚಹಾದ ತಾಟು ಇನ್ನೂ ಅವಳ ಕೈಯಲ್ಲಿತ್ತು. "ಮಾಸ್ತರ, ಬರಕೊಳ್ಳೂದರ ಮೊದಲು ಎಲ್ಲಾರೂ ಒಂದ್ಸಲ ಮ್ಯಾಲ ಬರ್ರಿ."

"ಏ, ನಡಿ ಒಳಗ!" ಎಂದ ಚನ್ನಬಸವಣ್ಣ.

"ಎರಡು ನಿಮಿಷದ ಕೆಲಸ ಐತ್ರಿ."

ಮಾಸ್ತರರು ಎದ್ದರು. ಅವರು ಎದ್ದ ಮೇಲೆ ಉಳಿದವರೂ ಏಳಬೇಕಾಯಿತು. ಏಳು ಜನ ಹಿಡಿಸದ ಜಾಗದಲ್ಲಿ ಗೋಡೆಗೆ ಒತ್ತಿಕೊಂಡು ನಿಂತರು. ಅನ್ನಪೂರ್ಣವ್ವ ಹಳೆಯ ಎಂಜಿನ್ನಿಗೆ ಡಬ್ಬಿ ಹಚ್ಚಿ ಬಿಟ್ಟಳು. ರೈಲು ಗದಗ ಬಿಟ್ಟು, ಶಿರಹಟ್ಟಿ ದಾಟಿ, ಕೆಂಪು ಮಣ್ಣಿನ ನಡುವೆ ಮಾಗಡಿ ಸ್ಟೇಷನ್ನಿನಲ್ಲಿ ನಿಂತಿತು. ಹಳದಿ ಹಲಗೆ, ಕಪ್ಪು ಅಕ್ಷರ.

"ಸೋಮೇಶ, ಸ್ಟೇಷನ್ ಇಲ್ಲಿ ಯಾಕೈತಿ ಗೊತ್ತೈತೇನು?"

"ನಿಮ್ಮ ಹುಡುಗ ಅಳತಿ ಕೊಟ್ಟಾನ."

"ಕೊಟ್ಟಾನ. ಯಾವುದರದು? ಈ ಹಲಗಿದು. ಈ ಕಡೆ ನೋಡು, ಮೆಟ್ಟಿಲು ಕಿಂಡಿ ಐತಿ. ಕಿಂಡಿ ಸುತ್ತ ಹಳಿ ಬಾಗೇಬೇಕು. ಬಾಗಿದಲ್ಲಿ ಪ್ಲಾಟ್‌ಫಾರ್ಮಿನ ಕಟ್ಟಿ ಕಟ್ಟಾಕ ಬರೂದಿಲ್ಲ. ನೆಟ್ಟಗ ಜಾಗಾ ಇದ್ದದ್ದು ಈ ಗ್ವಾಡಿ ಕಡೆ ಅಷ್ಟ. ಅದಕ್ಕ ಸ್ಟೇಷನ್ ಇಲ್ಲಿ ಬಂತು. ಹೊಲ ನೋಡಿ ಬಂದದ್ದಲ್ಲ."

ಸೋಮೇಶ ಅಣ್ಣನ ಕಡೆ ನೋಡಿದ, ಆಮೇಲೆ ಅವಳ ಕಡೆ.

"ಇದು ಅಣ್ಣ ಹೇಳಿಕೊಟ್ಟದ್ದು. ಮಸಾರಿ ಬೇಕಾಗೇತಿ ಅವಗೀಗ. ರೈಲು ಬರೂ ಖಬರ ಪಕ್ಕಾ ಆಗಿರಬೇಕು."

ಅನ್ನಪೂರ್ಣವ್ವ ಹೀಗಾದೀತೆಂದು ಎಣಿಸಿರಲಿಲ್ಲ. ಕೈ ಚಾಚಿ ಸ್ಟೇಷನ್ನನ್ನು ಕಟ್ಟೆ ಸಮೇತ ಕಿತ್ತಳು. ಗೋಂದು ಬಿಟ್ಟ ಸಪ್ಪಳ ಎಲ್ಲರಿಗೂ ಕೇಳಿತು.

"ಹಂಗಾದ್ರ ನೀನ ಹೇಳು. ಎಲ್ಲಿಡ್ಲಿ?"

"ವೈನಿ..."

"ಎರ್ಯಾಗ ಇಡ್ಲಾ? ಇಟ್ಟೆ." ಬಾಗಿದ ಹಳಿಯ ಪಕ್ಕ ಕಪ್ಪು ಮಣ್ಣಿನಲ್ಲಿ ಇಟ್ಟು ರೈಲು ಬಿಟ್ಟಳು. ಎರಡನೆಯ ಡಬ್ಬಿ ಕಟ್ಟೆಗೆ ತಗುಲಿ ಉರುಳಿತು, ಅದರ ಹಿಂದೆ ಮೂರನೆಯದೂ ಉರುಳಿತು. "ನೋಡು, ಬಡೀತು. ಕೆರ್ಯಾಗ ಇಡ್ಲಾ?" ಕನ್ನಡಿಯ ಮೇಲೆ ಇಟ್ಟಳು. ಅಲ್ಲಿಂದ ಎತ್ತಿ ಸೋಮೇಶನ ಕೈಗೇ ಕೊಟ್ಟಳು. "ಹಿಡಿ. ತೂಕಾ ನೋಡು. ನಿನ್ನ ಸಣ್ಣ ಮಗಳ ಲಗ್ನಪತ್ರಿಕಿ ಉಳದಿದ್ವಲ್ಲ, ಅದರ ರಟ್ಟು ಅದು. ಹಿಂದ ತಿರುವಿದ್ರ ಹೆಸರೂ ಕಾಣ್ತೈತಿ. ರೈಲ್ವೆಯವ್ರು ಕಟ್ಟಿದ್ದಲ್ಲೋ, ನಾ ಕಟ್ಟಿದ್ದು."

ಸೋಮೇಶ ತಿರುವಿ ನೋಡಿದ. ರಟ್ಟಿನ ಹಿಂಬದಿಗೆ ಬಂಗಾರದ ಬಣ್ಣದಲ್ಲಿ ಮಗಳ ಹೆಸರಿನ ಅರ್ಧವಿತ್ತು. ಬಹಳ ಹೊತ್ತು ಅದನ್ನೇ ನೋಡಿದ. ನಂತರ ಬೇರೆ ಯಾರನ್ನೂ ಅಲ್ಲ, ಅಣ್ಣನನ್ನು ಕೇಳಿದ.

"ಅಣ್ಣಾ, ನಿನಗ ಗೊತ್ತಿತ್ತು?"

ಚನ್ನಬಸವಣ್ಣ ಕಿಂಡಿಯ ಕಟ್ಟಿಗೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದ. ಬಸಲಿಂಗವ್ವ ನಿಂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಂದೇ ಮಾಸ್ತರರು ಬರೆಸಿದರು. ಎರಿಯಲ್ಲಿ ನಾಲ್ಕು, ಮಸಾರಿಯಲ್ಲಿ ನಾಲ್ಕು, ಇಬ್ಬರಿಗೂ ಅಷ್ಟಷ್ಟೇ. ಮನೆಯ ಪಾಲಿನ ಮಾತು ಬಂದಾಗ ಚನ್ನಬಸವಣ್ಣ ಮೆಟ್ಟಿಲು ಇಳಿದ ಮೇಲಿನ ತನ್ನ ಒಂದೇ ಮಾತು ಆಡಿದ.

"ಮ್ಯಾಲಿನ ಖೋಲಿ ಸೋಮೇಶಗ ಇರ್ಲಿ."

ಯಾರೂ ಅನ್ನಪೂರ್ಣವ್ವನ ಮುಖ ನೋಡಲಿಲ್ಲ. ಅವಳು ಬರಿದಾದ ಕಪ್ಪುಗಳನ್ನು ತಾಟಿಗೆ ಇಟ್ಟುಕೊಂಡು ಒಳಗೆ ಹೋದಳು.

ಆ ದಿನದಿಂದ ಚನ್ನಬಸವಣ್ಣ ಮನೆಯಲ್ಲಿ ಉಣ್ಣಲಿಲ್ಲ. ಬೆಳಗ್ಗೆ ಚಹಾ ಕುಡಿಯದೆ ಅಂಗಡಿಗೆ ಹೋಗುವನು, ಎರಡೂ ಹೊತ್ತು ಖಾನಾವಳಿ. ಅನ್ನಪೂರ್ಣವ್ವ ದಿನಾ ಅವನ ಪಾಲಿನ ರೊಟ್ಟಿ ಮಾಡಿ ಮುಚ್ಚಿಡುವಳು, ಸಂಜೆ ದನಕ್ಕೆ ಹಾಕುವಳು. "ಒಂದು ಮಾತು ನೀನ ಆಡಿಬಿಡು ಅವ್ವಾ," ಎಂದ ನಂದೀಶ. "ಏನಂತ ಆಡ್ಲಿ? ತಪ್ಪಾತು ಅನ್ಲೇನು?" ಎಂದಳು. ಸುಶ್ಮಿತಾ ನಾಲ್ಕು ದಿನ ಬಿಗುವಾಗಿದ್ದಳು. ಐದನೆಯ ದಿನ ಪೇಟೆಯಿಂದ ಒಂದು ಹೊಸ ಸಾಣಿಗೆ ತಂದು, "ಹಳೇದು ನೀವ ಇಟ್ಟುಕೊಳ್ರಿ," ಎಂದು ಅತ್ತೆಯ ಮುಂದಿಟ್ಟಳು.

ಸೋಮೇಶ ಬಂದು ಬಾಗಿಲಲ್ಲಿ ನಿಂತ. "ವೈನಿ, ನಿಮ್ಮ ರೈಲು ಅಲ್ಲೇ ಇರ್ಲಿ ಬಿಡ್ರಿ. ನಾ ಏನು ಮಾಡ್ಲಿ ಆ ಖೋಲಿ ತೊಗೊಂಡು?"

"ಜ್ವಾಳ ಹಾಕು. ನಾಕೆಕರೆ ಎರಿ ಜ್ವಾಳ ಎಲ್ಲಿ ಹಾಕ್ತಿ? ನಿಂದು ನಿನಗ. ಹಲಗಿ ಇಳಸಾಕ ಬಸಲಿಂಗಿನ ಕಳಸು, ಸಾಕು."

ಸಂಕ್ರಮಣಕ್ಕೆ ಎರಡು ದಿನ ಇರುವಾಗ ಮೂವರು ಹೆಂಗಸರು ಸೇರಿ ರೈಲನ್ನು ಇಳಿಸಿದರು. ಜೋಡಣೆ ಬಿಚ್ಚಿ, ತಂತಿಗೆ ಗುರುತಿನ ದಾರ ಕಟ್ಟಿ, ಒಂದೊಂದೇ ಹಲಗೆ ಓರೆ ಮಾಡಿ ಕಿಂಡಿಯಿಂದ ಕೆಳಗೆ. ಬಸಲಿಂಗವ್ವ ಕೆಳಗೆ ನಿಂತು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತಳು. ನಾಲ್ಕು ಮರ ಮುರಿದವು, ಕೆರೆ ಸೀಳಿತು.

"ಇದನ್ನ ಎಲ್ಲಿಡೂದ್ರಿ, ಅತ್ತೀ? ನಿಮ್ಮ ಖೋಲ್ಯಾಗ ಮಂಚ ಬಿಟ್ರ ಜಾಗಾ ಇಲ್ಲ," ಎಂದಳು ಸುಶ್ಮಿತಾ.

ಅನ್ನಪೂರ್ಣವ್ವ ಸುತ್ತ ನೋಡಿದಳು. ಹೋಗಿ ಪಡಸಾಲೆಯ ಗಾದಿಯ ಒಂದು ತುದಿ ಹಿಡಿದಳು.

"ಆ ಕಡಿ ಹಿಡಿ."

"ಅತ್ತೀ, ಅದು ಮಾವಾರು ಕುಂಡ್ರೂ ಗಾದಿ!"

"ಹಿಡಿ ಅಂದ್ನೆಲ್ಲಾ."

ಚನ್ನಬಸವಣ್ಣ ಅಂದು ಅಂಗಡಿಯಿಂದ ಬೇಗ ಬಂದ. ಖಾನಾವಳಿಯವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಹೊಸ್ತಿಲು ದಾಟಿದವನು ಅಲ್ಲೇ ನಿಂತ. ಪಡಸಾಲೆಯ ನಡುವೆ ಈ ಗೋಡೆಯಿಂದ ಆ ಗೋಡೆಯವರೆಗೆ ಹಲಗೆಗಳು. ಗಾದಿ ಸುರುಳಿಯಾಗಿ ಮೂಲೆ ಸೇರಿತ್ತು. ಹೆಂಡತಿ ಎರಡು ಹಲಗೆ ಕೂಡುವ ಜಾಗದಲ್ಲಿ ಬಾಗಿ, ಎರಡೂ ಕೈಯಿಂದ ಹಳಿಯೊಂದನ್ನು ಒತ್ತಿ ಹಿಡಿದಿದ್ದಳು.

"ಇದೇನು?" ಎಂದ. ಹದಿನೈದು ದಿನದ ಮೇಲೆ ಅವಳೊಡನೆ ಆಡಿದ ಮೊದಲ ಮಾತು.

"ಮ್ಯಾಲಿನ ಖೋಲಿ ಹೋತಲ್ರಿ."

"ಬಂದ ಮಂದಿ ಎಲ್ಲಿ ಕುಂಡ್ರಬೇಕು?"

"ಗ್ವಾಡಿ ಕಡೆ ಚಾಪಿ ಹಾಸೀನಿ."

"ನಾನು?"

"ನೀವೂ ಅಲ್ಲೇ." ಅವಳು ತಲೆ ಎತ್ತಲಿಲ್ಲ. "ಊಟಾ ಆಗೇತೇನ್ರಿ?"

ಅವನು ಹಲಗೆಗಳನ್ನು ನೋಡಿದ, ಗಾದಿಯನ್ನು ನೋಡಿದ. ಹೊರಗೆ ಓಣಿಯಲ್ಲಿ ಯಾರೋ ಎಳ್ಳು ಬೆಲ್ಲದ ರೇಟು ಕೂಗುತ್ತ ಹೋದರು. ಅಡುಗೆಮನೆಯ ಬಾಗಿಲಲ್ಲಿ ಸುಶ್ಮಿತಾ ನಿಂತಿದ್ದಳು.

"ಇಲ್ಲ," ಎಂದ ಚನ್ನಬಸವಣ್ಣ. ಚಪ್ಪಲಿ ಬಿಟ್ಟು, ಹಲಗೆಗೆ ಮೈ ತಾಗದಂತೆ ಗೋಡೆಯ ಗುಂಟ ಅಡ್ಡಡ್ಡ ನಡೆದು ಹೋಗಿ ಚಾಪೆಯ ಮೇಲೆ ಕೂತ.

"ಸುಶ್ಮಿತಾ, ನಿಮ್ಮ ಮಾವಾರಿಗೆ ತಾಟು ಹಾಕು," ಎಂದಳು ಅನ್ನಪೂರ್ಣವ್ವ.

ಮೂವತ್ತೊಂಬತ್ತು ವರ್ಷದಲ್ಲಿ ಅವನ ಊಟಕ್ಕೆ ಅವಳು ಏಳದೆ ಇದ್ದದ್ದು ಅದೇ ಮೊದಲು. ಏಳುವ ಹಾಗಿರಲಿಲ್ಲ. ಗೋಂದು ಇನ್ನೂ ಹಸಿಯಿತ್ತು. ಈಗ ಕೈ ಬಿಟ್ಟರೆ ಹಳಿ ಸರಿಯುತ್ತಿತ್ತು.